ಮುಂದಿನ ಸಾಲಿನ ಚಾಪೆ

ನಾನು ಒಂದು ಈಚಲ ಚಾಪೆ. ಬೆಣಚಿಹಾಳದ ಹಳ್ಳದ ದಂಡೆಯಲ್ಲಿ ಗರಿಯಾಗಿ ಹುಟ್ಟಿದೆ. ಆ ಹಳ್ಳದಲ್ಲಿ ನೀರು ಹರಿಯುವುದು ಮಳೆಗಾಲದ ಕೆಲವು ದಿನ ಮಾತ್ರ. ಉಳಿದಂತೆ ಬರೀ ಮರಳು, ಮರಳಿನ ಅಂಚಿಗೆ ಈಚಲ ಗಿಡ, ಗಿಡದ ಬುಡದಲ್ಲಿ ಕುರಿ ಕಾಯುವವರು ಬಿಟ್ಟುಹೋದ ಬೂದಿ. ಗಾಳಿ ಬೀಸಿದಾಗ ನಾವೆಲ್ಲ ಗರಿಗಳು ಒಟ್ಟಿಗೆ ಸದ್ದು ಮಾಡುತ್ತಿದ್ದೆವು. ಅದನ್ನು ಬಿಟ್ಟರೆ ನನಗೆ ನನ್ನದೇ ಅನ್ನುವ ದನಿ ಯಾವತ್ತೂ ಇರಲಿಲ್ಲ.

ನನ್ನನ್ನು ಕೊಯ್ದವಳು ಕೊರವರ ಹುಲಿಗೆವ್ವ. ಗರಿಯನ್ನು ಬಿಸಿಲಿಗೂ ಇಬ್ಬನಿಗೂ ಹಾಕಿ ಹದ ಮಾಡಿದಳು, ಮುಳ್ಳಿನಂಥ ತುದಿಗಳನ್ನು ಕತ್ತರಿಸಿದಳು, ನೀರು ಚಿಮುಕಿಸಿ ಅಂಗೈಯಗಲದ ಪಟ್ಟಿಯಾಗಿ ಹೆಣೆದಳು. ಆಮೇಲೆ ಪಟ್ಟಿಗೆ ಪಟ್ಟಿ ಹಚ್ಚಿ ಹೊಲಿದಳು. ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಸೊಸೆ ಗರಿಯನ್ನು ಜಗ್ಗಿ ಜಗ್ಗಿ ಎಳೆದಾಗ, "ಅಷ್ಟ್ಯಾಕ ಬಿಗಿ ಎಳೀತಿ? ಸುತ್ತಾಕ ಬರಬೇಕವಾ ಅದು. ಚಾಪಿ ಐತಿ, ಹಲಗಿ ಅಲ್ಲ" ಅಂದಳು. ಹಾಗೆ ನಾನು ಮೆತ್ತಗೂ ಆಗದೆ ಬಿರುಸೂ ಆಗದೆ, ಇಬ್ಬರು ಕೂತು ಮಾತಾಡುವಷ್ಟು ಅಗಲದ ಚಾಪೆಯಾದೆ.

ಸಂತೆಯಲ್ಲಿ ನನ್ನನ್ನು ಕೊಂಡವನು ಊರಿನ ಒಬ್ಬ ಮೆಣಸಿನಕಾಯಿ ಸಾವುಕಾರ. ಅವನ ಅಂಗಳದಲ್ಲಿ ನನ್ನ ಮೇಲೆ ಯಾರೂ ಕೂರಲಿಲ್ಲ. ಕೆಂಪು ಕಾಯಿ ಸುರಿದರು, ಒಣಗಿಸಿದರು, ಬಳಿದರು, ಮತ್ತೆ ಸುರಿದರು. ಮನುಷ್ಯರ ಭಾರ ಅಂದರೆ ಏನೆಂದು ನನಗೆ ಗೊತ್ತೇ ಆಗಲಿಲ್ಲ. ಒಂದು ಸಲ ಯಾರೋ ಸೇದಿ ಒಗೆದ ಬೀಡಿ ನನ್ನ ಮೂಲೆಗೆ ಬಿದ್ದು ಅಷ್ಟಗಲ ಸುಟ್ಟಿತು. ಸುಟ್ಟ ಚಾಪೆ ಸಾವುಕಾರನ ಹೆಂಡತಿಗೆ ಬೇಡವಾಯಿತು. ಅವತ್ತು ಕಾಯಿಯ ತೊಟ್ಟು ಮುರಿಯಲು ಬಂದಿದ್ದ ಹೆಂಗಸಿಗೆ, "ಒಯ್ತಿಯೇನು?" ಎಂದು ಕೇಳಿದಳು. ಆ ಹೆಂಗಸು "ಹ್ಞೂಂ" ಅಂದಳು.

ಅವಳೇ ನಿಂಬೆವ್ವ. ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತೇ ಅದು.

ನಿಂಬೆವ್ವನದು ಒಂದೇ ಕೋಣೆಯ ಮನೆ, ಮನೆಯ ಮುಂದೆ ಒಂದು ಕಟ್ಟೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೆಣಸಿನಕಾಯಿ ಕೆಲಸ ಅವಳಿಗೆ ಬೇಸಿಗೆಯ ಕೂಲಿ. ಸುಗ್ಗಿಯ ಕಾಲಕ್ಕೆ ಅವಳು ಊರ ಹೊರಗಿನ ಹತ್ತಿ ಗಿರಣಿಗೆ ಹೋಗುತ್ತಿದ್ದಳು. ಅಲ್ಲಿ ಬೀಜದಿಂದ ಅರಳೆ ಬೇರೆ ಮಾಡುವ ಯಂತ್ರಗಳ ಬಾಯಿಗೆ ಹತ್ತಿ ತುಂಬುವುದು ಅವಳ ಕೆಲಸ. ಸಂಜೆ ಬಂದು ನನ್ನನ್ನು ಕಟ್ಟೆಯ ಮೇಲೆ ಬಿಚ್ಚಿ ಹಾಸಿ, ಕೂತು, ಕಾಲು ಚಾಚುತ್ತಿದ್ದಳು. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಸೀರೆಯ ನೆರಿಗೆಯಲ್ಲಿ ಹತ್ತಿಯ ನವಿರು ಇರುತ್ತಿತ್ತು. ಕೊಡವಿಕೊಂಡರೆ ನನ್ನ ಹೆಣಿಗೆಯ ಸಂದಿಗಳಲ್ಲಿ ಬಂದು ಕೂರುತ್ತಿತ್ತು.

ಸ್ವಲ್ಪ ಹೊತ್ತಿಗೆ ಎರಡು ಮನೆ ಆಚೆಯ ಕಾಶವ್ವ ಬರುತ್ತಿದ್ದಳು. ಅವಳೂ ಅದೇ ಗಿರಣಿಯವಳು, ನಿಂಬೆವ್ವನಿಗಿಂತ ಸಣ್ಣವಳು. "ನಿಂಬಕ್ಕಾ, ಸರಿ ಅತ್ತಾಗ" ಎಂದು ನನ್ನ ಇನ್ನೊಂದು ಅರ್ಧದ ಮೇಲೆ ಕೂರುವಳು. ನಿಂಬೆವ್ವನ ಭಾರ ಒಂದೇ ಕಡೆ ಅಲುಗದೆ ನಿಲ್ಲುವ ಭಾರ. ಕಾಶವ್ವ ಕೂತಲ್ಲಿ ಕೂರುವವಳಲ್ಲ. ಮಾತಿಗೆ ತಕ್ಕ ಹಾಗೆ ಹಿಂದೆ ಮುಂದೆ ತೂಗುತ್ತಿದ್ದಳು, ಬೆರಳಲ್ಲಿ ನನ್ನ ಅಂಚಿನ ಎಳೆಗಳನ್ನು ಕೀಳುತ್ತಿದ್ದಳು.

ಕತ್ತಲಾಗುತ್ತಿದ್ದಂತೆ ಅವಳು ದನಿ ತಗ್ಗಿಸಿ ಮಾತು ತೆಗೆಯುತ್ತಿದ್ದಳು. ಗೋಡೆಗೆ ಗೋಡೆ ಹತ್ತಿದ ಓಣಿ ಅದು, ದೊಡ್ಡದಾಗಿ ಹೇಳುವ ಹಾಗಿಲ್ಲ. ಗಂಡ ಕುಡಿದು ಬಂದದ್ದು, ಅತ್ತೆ ಅಂದದ್ದು, ಮಗಳು ಸಾವಂತ್ರಿಗೆ ಬಂದ ವರ, ಎಲ್ಲವೂ ಅಲ್ಲಿ ಹೊರಗೆ ಬರುತ್ತಿತ್ತು. ಮನಸ್ಸು ತೀರಾ ಭಾರವಾದ ದಿನ ಒಂದು ಕೂಸಿನ ಸುದ್ದಿ ಬರುತ್ತಿತ್ತು. ಸಾವಂತ್ರಿಗಿಂತ ಮೊದಲು ಅವಳಿಗೊಂದು ಕೂಸು ಇತ್ತು. ಅದಕ್ಕೆ ಜ್ವರ ಏರಿದ ಹೊತ್ತಿನಲ್ಲಿ ಅವಳು ಅದನ್ನು ಅತ್ತೆಯ ಹತ್ತಿರ ಬಿಟ್ಟು ಗಿರಣಿಗೆ ಹೋಗಿದ್ದಳು. ವಾಪಸು ಬಂದಾಗ ಕೂಸಿನ ಜೀವ ಹೋಗಿತ್ತು. ಇದನ್ನು ಅವಳು ಗಂಡನಿಗೂ ಬಿಚ್ಚಿ ಹೇಳಿದವಳಲ್ಲ. ನಿಂಬೆವ್ವನಿಗೆ ಮಾತ್ರ ಹೇಳುತ್ತಿದ್ದಳು, ಹೇಳಿ ಕೊನೆಗೆ ಕೇಳುತ್ತಿದ್ದಳು: "ನಾ ಏನ್ ಮಾಡ್ಬೇಕಿತ್ತು ಯಕ್ಕಾ? ನಂದ ತಪ್ಪೇನು?"

ನಿಂಬೆವ್ವ "ಹ್ಞೂಂ" ಅನ್ನುವಳು. ಅದೊಂದು ಉದ್ದನೆಯ, ಮೆತ್ತನೆಯ "ಹ್ಞೂಂ". ತಪ್ಪು ಅಂತಲೂ ಅಲ್ಲ, ತಪ್ಪಲ್ಲ ಅಂತಲೂ ಅಲ್ಲ. ಅಷ್ಟು ಸಿಕ್ಕರೆ ಕಾಶವ್ವನಿಗೆ ಸಾಕಾಗುತ್ತಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೋಗುತ್ತಿದ್ದಳು. ಹೋಗುವಾಗ ಅವಳ ಹೆಜ್ಜೆಯ ಭಾರ ಕಡಿಮೆ ಇರುತ್ತಿತ್ತು. ಕೆಳಗಿದ್ದ ನನಗೆ ಅದು ಗೊತ್ತಾಗುತ್ತಿತ್ತು.

"ನಿಂಬಕ್ಕನ ಹೊಟ್ಯಾಗ ಹಾಕಿದ ಮಾತು ಹೊರಗ ಬರಂಗಿಲ್ಲ ನೋಡು" ಎಂದು ಗಿರಣಿಯ ಹೆಂಗಸರೆಲ್ಲ ಹೇಳುತ್ತಿದ್ದರಂತೆ. ಹೇಗೆ ಬಂದೀತು? ಮಾತು ಒಳಗೇ ಹೋಗಿರುತ್ತಿರಲಿಲ್ಲ.

ಇದು ನನಗೆ ತಿಳಿದದ್ದು ನಿಧಾನವಾಗಿ. ಕಾಶವ್ವ ಎದ್ದು ಹೋದ ಮೇಲೆ ನಿಂಬೆವ್ವ ಒಬ್ಬಳೇ ಕೂತು, ಕಿವಿಯ ಹತ್ತಿರ ಬೆರಳು ತಂದು ಚಿಟಿಕೆ ಹೊಡೆದು ನೋಡುತ್ತಿದ್ದಳು. ಈ ಕಿವಿಗೊಮ್ಮೆ, ಆ ಕಿವಿಗೊಮ್ಮೆ. ಆಮೇಲೆ ಕೈ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಬೀದಿ ನೋಡುತ್ತಿದ್ದಳು. ವರ್ಷಗಟ್ಟಲೆ ಗಿರಣಿಯ ಸದ್ದು ಕುಡಿದ ಕಿವಿಗಳು ಅವು. ಗಿರಣಿಯೊಳಗೆ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಅವಳಿಗೂ ಬೇಡವಾಗಿತ್ತು. ಯಂತ್ರದ ಪಟ್ಟಾ ಬಿಚ್ಚಿದಾಗ ಮೇಸ್ತ್ರಿ ಕೂಗು ಹಾಕುತ್ತಾನೆ, ಆ ಕೂಗು ಕೇಳದವರನ್ನು ಅವನು ಯಂತ್ರದ ಹತ್ತಿರ ನಿಲ್ಲಿಸುವುದಿಲ್ಲ. ಹಾಗಾಗಿ ಅವಳು ಎದುರಿನವರ ಮುಖ ನೋಡಿ, ಹುಬ್ಬು ನೋಡಿ, ಎಲ್ಲಿ ಬೇಕೋ ಅಲ್ಲಿ "ಹ್ಞೂಂ" ಇಡುವುದನ್ನು ಕಲಿತಿದ್ದಳು. ಎಲ್ಲರೂ ನಕ್ಕ ಮೇಲೆ ನಗುವಳು. ಕತ್ತಲಲ್ಲಿ ಮುಖ ಕಾಣದಿದ್ದಾಗ, ಪಕ್ಕದವಳ ಮೈ ತೂಗುವುದು ನಿಂತ ಕೂಡಲೇ "ಹ್ಞೂಂ" ಅನ್ನುವಳು. ಆ ತೂಗು ನನ್ನ ಮೂಲಕವೇ ಅವಳಿಗೆ ಮುಟ್ಟುತ್ತಿತ್ತು. ನನಗೆ ಮಾತು ಕೇಳುತ್ತಿತ್ತು, ಅನ್ನಲು ಬಾಯಿರಲಿಲ್ಲ.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಊರಿಗೆ ನಾಟಕದ ಕಂಪನಿ ಬಂತು. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ತಗಡು, ತಟ್ಟು, ಬಿದಿರು ಸೇರಿಸಿ ಥೇಟರು ಕಟ್ಟಿದರು. ಕುರ್ಚಿಯವರು ಹಿಂದೆ, ನೆಲದವರು ಮುಂದೆ. ಕುರ್ಚಿಗೆ ನಂಬರು ಉಂಟು, ನೆಲಕ್ಕೆ ಇಲ್ಲ. ನೆಲದ ಟಿಕೀಟು ಕೊಂಡವರು ಯಾರು ಮೊದಲು ಬರುತ್ತಾರೋ ಅವರು ರಂಗದ ಬುಡದಲ್ಲಿ ಕೂರುವುದು. ಸಂಜೆಯ ಆಟಕ್ಕೆ ಮಧ್ಯಾಹ್ನವೇ ಹೆಂಗಸರು ಚಾಪೆ, ಗೋಣಿತಟ್ಟು, ಹಳೆಯ ಕೌದಿ ತಂದು ಹಾಸಿ, ಮೂಲೆಗೊಂದು ಕಲ್ಲು ಇಟ್ಟು ಹೋಗುತ್ತಿದ್ದರು. ಬಾಗಿಲು ಕಾಯುವವನು ಬೇಡ ಅನ್ನುತ್ತಿರಲಿಲ್ಲ. ಹಾಸಿದ ಚಾಪೆ ಇದ್ದಲ್ಲಿ ಮನುಷ್ಯರು ಇದ್ದಂತೆಯೇ ಲೆಕ್ಕ. ಅದನ್ನು ಯಾರೂ ಸರಿಸುವ ಹಾಗಿರಲಿಲ್ಲ. ಚಾಪೆಯವರೇ ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಜಾಗ ಇನ್ನೊಬ್ಬರದು.

ಮೊದಲ ಸಲ ನಿಂಬೆವ್ವನನ್ನು ಎಳೆದುಕೊಂಡು ಹೋದವಳು ಕಾಶವ್ವ. ಅವತ್ತು ಬೇಗ ಹೋಗಿದ್ದರಿಂದ ರಂಗಕ್ಕೆ ತಾಗಿದ ಮೊದಲ ಸಾಲು ಸಿಕ್ಕಿತು. ಆಗಿನ್ನೂ ಮೈಕು ಬಂದಿರಲಿಲ್ಲ. ಕಟ್ಟಕಡೆಯ ಕುರ್ಚಿಗೂ ಕೇಳಬೇಕೆಂದು ಪಾತ್ರಧಾರಿಗಳು ಹೊಟ್ಟೆಯಿಂದ ದನಿ ತೆಗೆದು ಆಡುತ್ತಿದ್ದರು. ತಾಯಿಯ ಪಾರ್ಟು ಮಾಡುತ್ತಿದ್ದ ಹೆಂಗಸು ರಂಗದ ಅಂಚಿಗೆ ಬಂದು, ಸೊಂಟಕ್ಕೆ ಕೈ ಇಟ್ಟು, "ಏನಲೇ ಮಗನ, ಉಂಡ ತಾಟು ತೊಳಿಯಾಕ ಬ್ಯಾರೆ ದೇಶದಿಂದ ಆಳು ಬರ್ಬೇಕೇನು ನಿನಗ?" ಅಂದಳು.

ನನ್ನ ಮೇಲಿದ್ದ ನಿಂಬೆವ್ವನ ಮೈ ಒಮ್ಮೆ ಬಿಗಿಯಿತು. ಆಮೇಲೆ ಗದಗದ ಅಲುಗಿತು. ಅವಳು ನಗುತ್ತಿದ್ದಳು, ಅದೂ ಎಲ್ಲರ ಜೊತೆಗೆ. ಎಲ್ಲರೂ ನಕ್ಕ ಮೇಲೆ ನಗುವ ಅವಳ ಎಂದಿನ ನಗು ಅದಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮಾತು, ತಲೆಯಿಂದ ಬಾಲದವರೆಗೆ ಇಡೀ ಮಾತು, ಅವಳ ಕಿವಿಗೆ ಬಿದ್ದಿತ್ತು. ಆಟ ಮುಗಿದರೂ ಅವಳು ಏಳಲಿಲ್ಲ.

"ಏಳು ಯಕ್ಕಾ, ಪಡದೆ ಬಿತ್ತು. ಇಲ್ಲೇ ಮಕ್ಕೋತಿಯೇನು?" ಎಂದು ಕಾಶವ್ವ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಅಲ್ಲಿಂದ ಆಚೆ ಕಂಪನಿ ಊರಲ್ಲಿರುವಷ್ಟು ಕಾಲ, ವಾರದ ರಜೆಯ ದಿನ ಬಂತೆಂದರೆ ನಿಂಬೆವ್ವ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಥೇಟರಿಗೆ ಹೊರಡುವಳು. ರಂಗದ ಅಂಚಿಗೆ ಹಾಸುವಳು. ಕಲ್ಲಿಟ್ಟು ಮನೆಗೆ ಹೋಗುವಳು. ಆಮೇಲೆ ಆ ಖಾಲಿ ಥೇಟರಿನಲ್ಲಿ ನಾನೊಂದೇ. ತಟ್ಟಿನ ತೂತುಗಳಿಂದ ಬಿಸಿಲಿನ ಕಾಸಿನಗಲದ ಚುಕ್ಕೆಗಳು ನನ್ನ ಮೇಲೆ ಬಿದ್ದು ಮೆಲ್ಲಗೆ ಸರಿಯುತ್ತಿದ್ದವು. ಪರದೆಯ ಹಿಂದೆ ಯಾರೋ ಕೆಮ್ಮುವರು, ಯಾರೋ ಅಕ್ಕಿ ತೊಳೆಯುವರು. ಇನ್ನೂ ಬರದವರ ಜಾಗ ಕಾಯುವುದು ಬೇಸರದ ಕೆಲಸ. ಆದರೆ ಸಂಜೆ ಅವಳು ಬಂದು ಕೂತಾಗ ಅವಳ ಮೈಯಲ್ಲಿ ಒಂದು ನಡುಕ ಇರುತ್ತಿತ್ತಲ್ಲ, ಊಟಕ್ಕೆ ಕೂತ ಹಸಿದವರಲ್ಲಿ ಇರುವಂಥದು, ಅದಕ್ಕಾಗಿ ನಾನು ಕಾಯುತ್ತಿದ್ದೆ.

ಕಂಪನಿ ಹೋದ ಮೇಲೆ ಮತ್ತೆ ಬರುವುದು ಮುಂದಿನ ಸಂಕ್ರಾಂತಿಗೆ. ಅಲ್ಲಿಯ ತನಕ ಅವಳಿಗೆ ಲೋಕ ಬರೀ ಬಾಯಿ ಅಲುಗಿಸುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದವು. ಕಾಶವ್ವನ ಮಗಳು ಸಾವಂತ್ರಿಗೆ ಮದುವೆಯಾಯಿತು. ಗಂಡನ ಮನೆಯಲ್ಲಿ ಏನೋ ಮಾತಿಗೆ ಮಾತು ಬೆಳೆದು ಅವಳು ತವರಿಗೆ ಬಂದು ಕೂತಳು. ಕರೆಯಲು ಅವರು ಬರಲಿಲ್ಲ, ಕಳಿಸಲು ಇವರು ಹೋಗಲಿಲ್ಲ. ಕಟ್ಟೆಯ ಮೇಲೆ ಕಾಶವ್ವ ನನ್ನ ಅಂಚು ಕಿತ್ತದ್ದೇ ಕಿತ್ತದ್ದು. ಕಡೆಗೆ ಒಂದು ದಿನ ಬೀಗರು ತಾವಾಗಿಯೇ ಬರುತ್ತೇವೆಂದು ಹೇಳಿಕಳಿಸಿದರು. ಅದು ಆ ವರ್ಷದ ಕಂಪನಿಯ ಕಡೆಯ ಆಟದ ಹಿಂದಿನ ದಿನ.

ಅವತ್ತು ಸಂಜೆ ಕಾಶವ್ವ ಬಂದವಳೇ ನಿಂಬೆವ್ವನ ತೊಡೆ ಹಿಡಿದು ಕೂತಳು. ದನಿ ಎಂದಿಗಿಂತ ಸಣ್ಣದಾಗಿತ್ತು. "ನಿಂಬಕ್ಕಾ, ನಾಳಿಗೆ ಬೀಗರು ಬರ್ತಾರ. ಮಗಳನ್ನ ಕರಕೊಂಡು ಹೋಗೋ ಮಾತು ಐತಿ. ಅವರನ್ನ ನಾಟಕಕ್ಕ ಕರಕೊಂಡು ಹೋಗ್ತೀನಿ. ಹಿಂದ ಎಲ್ಲೋ ಕುಂಡ್ರಿಸಿದ್ರ ಮರ್ಯಾದಿ ಹೊಕ್ಕೈತಿ. ನಿನ್ನ ಮುಂದಿನ ಜಾಗ ನಾಳಿ ಒಂದ ದಿನ ನಮಗ ಬಿಟ್ಟುಕೊಡು. ನಿನ್ನ ಚಾಪಿ ನಾನ ಹಿಂದ ಹಾಸ್ತೀನಿ. ಆಗಬಹುದಿಲ್ಲ?"

ಕಾಶವ್ವನ ಮೈ ತೂಗುವುದು ನಿಂತಿತು.

"ಹ್ಞೂಂ" ಅಂದಳು ನಿಂಬೆವ್ವ.

ಮಾರನೆಯ ಮಧ್ಯಾಹ್ನ ನಿಂಬೆವ್ವ ಎಂದಿನಂತೆ ನನ್ನನ್ನು ಹಾಸಿ ಹೋದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಕಾಶವ್ವ ಬಂದಳು. ಕಲ್ಲು ತೆಗೆದು, ನನ್ನನ್ನು ಜೋಪಾನವಾಗಿ ಸುತ್ತಿ, ನೆಲದ ಸಾಲು ಮುಗಿಯುವಲ್ಲಿ ಬಿದಿರ ಕಂಬದ ಬುಡಕ್ಕೆ ಹಾಸಿದಳು. ಕಸ ಇತ್ತು, ಅದನ್ನೂ ಗುಡಿಸಿದಳು. ಮುಂದೆ ತನ್ನ ಮನೆಯ ಪಟ್ಟೆ ಪಟ್ಟೆಯ ಜಮಖಾನ ಹಾಸಿದಳು. ಅವಳು ಮಾಡಿದ್ದರಲ್ಲಿ ಒಂದು ಎಳೆಯಷ್ಟೂ ಮೋಸ ಇರಲಿಲ್ಲ.

ಸಂಜೆ ನಿಂಬೆವ್ವ ಬಂದಾಗ ಥೇಟರು ತುಂಬಿತ್ತು. ಕಡೆಯ ಆಟವೆಂದು ಸುತ್ತಲಿನ ಹಳ್ಳಿಯವರೂ ಬಂದಿದ್ದರು. ಮುಂದೆ ಹೋಗಿ ನೋಡಿದಳು, ನಾನಿಲ್ಲ. ಹುಡುಕುತ್ತ ಹುಡುಕುತ್ತ ಕಂಬದ ಹತ್ತಿರ ಬಂದಳು. ನನ್ನ ಸುಟ್ಟ ಮೂಲೆ ನೋಡಿ ಗುರುತು ಹಿಡಿದಳು. ಸರ್ರನೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಜನರ ಕಾಲು ದಾಟುತ್ತ ಮುಂದೆ ನಡೆದಳು. ಅವಳ ಎದೆ ಹೊಡೆದುಕೊಳ್ಳುವುದು ನನಗೆ ತಾಗುತ್ತಿತ್ತು. ಮುಂದೆ ಜಮಖಾನದ ಮೇಲೆ ಬೀಗ, ಬೀಗಿತ್ತಿ, ಅಳಿಯ, ಸಾವಂತ್ರಿ, ಕಾಶವ್ವ ಕೂತಿದ್ದರು.

"ಇದು ನನ್ನ ಜಾಗ" ಅಂದಳು ನಿಂಬೆವ್ವ.

ಕಾಶವ್ವ ಬೀಗರ ಕಡೆ ಒಮ್ಮೆ ನೋಡಿ, "ಯಕ್ಕಾ, ನಿನ್ನೆ ಕೇಳಿದ್ನಲ್ಲ ನಿನ್ನ? ಹ್ಞೂಂ ಅಂದಿಯಲ್ಲ!" ಎಂದು ಪಿಸುಗುಟ್ಟಿದಳು.

ನಿಂಬೆವ್ವ ಅವಳ ತುಟಿ ನೋಡಿದಳು. ರೂಢಿಯ ಮೇಲೆ, ಅನ್ನಬಾರದ ಹೊತ್ತಿನಲ್ಲಿ, "ಹ್ಞೂಂ" ಅಂದಳು. ಆದರೆ ನಿಂತಲ್ಲಿಂದ ಸರಿಯಲಿಲ್ಲ.

"ಹ್ಞೂಂ ಅಂತೀ, ಮತ್ತ ನಿಂತೀಯಲ್ಲವಾ! ಕುಂದ್ರು, ಪಡದೆ ಕಾಣವಲ್ದು" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಆಕಿನ್ನೂ ನಾಟಕದಾಗ ಸೇರಿಸ್ಕೊಳ್ರಿ, ಹೆಂಗೂ ಅಲ್ಲೇ ನಿಂತಾಳ" ಎಂದು ಇನ್ನೊಬ್ಬ. ಜನ ನಕ್ಕರು.

"ಮಾತು ಕೊಟ್ಟು ತಪ್ಪಬಾರದು ನಿಂಬೆವ್ವಾ" ಎಂದು ಗಿರಣಿಯ ಹೆಂಗಸೊಬ್ಬಳು ನ್ಯಾಯ ಹೇಳಿದಳು. ನ್ಯಾಯ ಕಾಶವ್ವನ ಕಡೆಗೇ ಇತ್ತು.

ನಿಂಬೆವ್ವ ಆ ಬಾಯಿಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಆಟ ಶುರುವಾಗುವ ಎರಡನೇ ಗಂಟೆ ಹೊಡೆಯಿತು. ಅದು ಅವಳಿಗೆ ಕೇಳಿಸಿತೋ ಇಲ್ಲವೋ, ಪರದೆ ಅಲುಗಿದ್ದಂತೂ ಕಂಡಿತು. ಇವತ್ತು ತಪ್ಪಿದರೆ ಮುಂದಿನ ಸಂಕ್ರಾಂತಿಯ ತನಕ ಒಂದು ಮಾತೂ ಇಲ್ಲ. ನನ್ನನ್ನು ಎದೆಗೆ ಅವಚಿಕೊಂಡಳು. ತನ್ನ ದನಿ ಎಷ್ಟು ದೊಡ್ಡದಿದೆಯೆಂದು ತನಗೇ ತಿಳಿಯದೆ, ಇಡೀ ಥೇಟರಿಗೆ ಕೇಳುವ ಹಾಗೆ ಅಂದಳು:

"ನನಗ ಕಿವಿ ಕೇಳಸಂಗಿಲ್ಲ. ನೀ ಏನ್ ಕೇಳಿದ್ಯೋ ನನಗ ಗೊತ್ತಿಲ್ಲ. ಇಲ್ಲಿ ಮುಂದ ಕುಂತ್ರ ಅಷ್ಟ ನಾಕ ಮಾತು ಕೇಳಸ್ತಾವು."

ಜನ ಒಬ್ಬರಿಗೊಬ್ಬರು ಮೊಣಕೈ ತಿವಿದರು. ಆಮೇಲೆ ಹಿಂದಿನವನು, "ಕಿವಿ ಕೇಳಸದಾಕಿಗೆ ಮುಂದಿನ ಜಾಗ ಯಾಕಬೇ? ಕಣ್ಣು ನೆಟ್ಟಗದಾವಿಲ್ಲ? ಹಿಂದ ಕುಂತು ನೋಡಿದ್ರ ಆತು, ಕೇಳವರಿಗೆ ಬಿಡು ಮುಂದ!" ಅಂದ. ಅದು ಸರಿಯೆಂದೇ ಹಲವರಿಗೆ ತೋರಿತು. ಕುರ್ಚಿಯಲ್ಲಿದ್ದ ಗಿರಣಿಯ ಮೇಸ್ತ್ರಿ ಕುತ್ತಿಗೆ ಉದ್ದ ಮಾಡಿ ಯಾರೆಂದು ನೋಡಿದ.

ಕಾಶವ್ವ ಮಾತ್ರ ನಗಲಿಲ್ಲ, ರೇಗಲೂ ಇಲ್ಲ. ಎದ್ದು ನಿಂತು ನಿಂಬೆವ್ವನ ಮುಖದ ಎದುರಿಗೆ ಬಂದಳು. "ಎಂದಿನಿಂದ?" ಎಂದು ಕೈಯಲ್ಲೇ ಕೇಳಿದಳು.

"ಭಾಳ ವರ್ಷಾತು."

"ಮತ್ತ ಕಟ್ಟಿ ಮ್ಯಾಲ ನಾ ಹೇಳಿದ್ದು? ಕೂಸಿಂದು?" ಈ ಮಾತು ಅವಳ ಬಾಯಿಂದ ದನಿಯಾಗಿ ಬರಲೇ ಇಲ್ಲ, ಬರೀ ತುಟಿ ಅಲುಗಿತು. ಅದೊಂದನ್ನು ನಿಂಬೆವ್ವ ಓದಿಕೊಂಡಳು.

"ಯಾವ ಕೂಸು?" ಅಂದಳು.

ಕಾಶವ್ವ ಹಾಗೆಯೇ ಕುಸಿದು ಕೂತಳು.

ಜಾಗ ಬಿಟ್ಟವಳು ಬೀಗಿತ್ತಿ. ಬೇರೆ ಊರಿನ ಆ ಮುದುಕಿ ಮೊಮ್ಮಗುವಿಗೆ ಜಾಗ ಮಾಡಿಕೊಡುವಂತೆ ಸರಿದು, ಜಮಖಾನದ ಅಂಚು ಮಡಚಿ, "ಬಾ ತಂಗಿ, ಹಾಸ್ಕೋ ಇಲ್ಲಿ. ನನಗೂ ಕಿವಿ ಅಷ್ಟಕ್ಕಷ್ಟ" ಎಂದು ನೆಲ ತಟ್ಟಿದಳು. ನನ್ನನ್ನು ಎರಡು ಮಡಿಕೆ ಮಾಡಿ ನಿಂಬೆವ್ವ ಅಲ್ಲೇ ಕೂತಳು. ಆಟ ಶುರುವಾಯಿತು. ತಾಯಿಯ ಪಾರ್ಟಿನ ಹೆಂಗಸು ರಂಗದ ತುದಿಗೇ ಬಂದು ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಆಡಿದಳು. ಜನ ನಕ್ಕರು, ಅತ್ತರು, ಸೀಟಿ ಹೊಡೆದರು. ನನ್ನ ಮೇಲಿದ್ದವಳ ಮೈ ಮಾತ್ರ ಒಮ್ಮೆಯೂ ಅಲುಗಲಿಲ್ಲ. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಆದರೆ ಅವಳು ಕೇಳುತ್ತಿರಲಿಲ್ಲ. ಆಟದುದ್ದಕ್ಕೂ ಕಾಶವ್ವನನ್ನೇ ನೋಡುತ್ತಿದ್ದಳು. ಕಾಶವ್ವ ತಲೆ ಎತ್ತಲಿಲ್ಲ.

ಸಾವಂತ್ರಿ ಗಂಡನ ಮನೆಗೆ ಹೋದಳು, ಅಷ್ಟು ಒಳ್ಳೆಯದಾಯಿತು. ಗಿರಣಿಯಲ್ಲಿ ಮೇಸ್ತ್ರಿ ನಿಂಬೆವ್ವನನ್ನು ಯಂತ್ರದಿಂದ ಬಿಡಿಸಿ, ಹೊರಗಿನ ಬಯಲಿನಲ್ಲಿ ಹತ್ತಿಯ ಕಸ ಆರಿಸುವ ಮುದುಕಿಯರ ಜೊತೆ ಕೂರಿಸಿದ. ಕೂಲಿ ಕಡಿಮೆಯಾಯಿತು, ಅದಕ್ಕೆ ಅವಳು ಗೊಣಗಲಿಲ್ಲ. ಈಗ ಅವಳೊಡನೆ ಯಾರೂ ಮಾತಿಗೆ ಬರುತ್ತಿರಲಿಲ್ಲ. ಬಾ, ಹೋಗು, ಉಣ್ಣು ಎಂದು ಕೈ ಮಾಡುತ್ತಿದ್ದರು. ಅವಳ ಹೊಟ್ಟೆಯಲ್ಲಿ ಹಾಕಿದ ಮಾತುಗಳನ್ನೆಲ್ಲ ಹೆಂಗಸರು ನೆನೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೇನೋ. ಸಂಜೆ ಅವಳು ನನ್ನನ್ನು ಕಟ್ಟೆಯ ಮೇಲೆ ಪೂರ್ತಿ ಬಿಚ್ಚಿ ಹಾಸಿ, ತನ್ನ ಅರ್ಧದಲ್ಲೇ ಕೂರುವಳು. ಇನ್ನೊಂದು ಅರ್ಧದ ಮೇಲೆ ಬೇವಿನೆಲೆ ಬೀಳುತ್ತಿತ್ತು. ಕಾಶವ್ವ ಅದೇ ಬೀದಿಯಲ್ಲಿ ಕೊಡ ಹೊತ್ತು ಹೋಗುವಳು, ಬರುವಳು. ಮುಖ ತಿರುಗಿಸುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಸಿಟ್ಟೆಂದು ನಾನು ಮೊದಲು ತಿಳಿದಿದ್ದೆ. ಅವಳ ಹೆಜ್ಜೆ ಕಟ್ಟೆಯ ಮುಂದೆ ಬಂದಾಗ ನಿಧಾನವಾಗುವುದನ್ನು ನೋಡಿ ನೋಡಿ, ಅದು ಸಿಟ್ಟಲ್ಲವೆಂದು ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ಯಾವುದನ್ನು ಹೇಳಿಕೊಂಡು ಹಗುರಾಗಿದ್ದಳೋ ಆ ಭಾರವೆಲ್ಲ ಒಟ್ಟಿಗೆ ವಾಪಸು ಬಂದು ಅವಳ ಹೆಗಲೇರಿತ್ತು. ಇನ್ನೊಮ್ಮೆ ಹೇಳೋಣವೆಂದರೆ ಕಿವುಡಿಗೆ ಕೂಗಿ ಹೇಳಬೇಕು. ಕೂಗಿದರೆ ಓಣಿಗೆಲ್ಲ ಕೇಳುತ್ತದೆ.

ವರ್ಷ ತಿರುಗಿತು. ಸಂಕ್ರಾಂತಿಯ ಮೇಲೆ ಕಂಪನಿ ಬಂದು ಬಯಲಿನಲ್ಲಿ ಬಿದಿರು ನೆಟ್ಟಿತು. ಅಷ್ಟರಲ್ಲಿ ನನ್ನ ಹೊಲಿಗೆ ಎರಡು ಕಡೆ ಬಿಚ್ಚಿತ್ತು. ನಿಂಬೆವ್ವ ಹತ್ತಿಯ ದಾರದಿಂದ ಹೊಲಿದುಕೊಂಡು, ಮಧ್ಯಾಹ್ನ ನನ್ನನ್ನು ತೆಗೆದುಕೊಂಡು ಹೋಗಿ ರಂಗದ ಅಂಚಿಗೆ ಹಾಸಿದಳು. ಆದರೆ ಅವಳು ಈಗ ಕಲ್ಲಿಟ್ಟು ಮನೆಗೆ ಹೋಗುತ್ತಿರಲಿಲ್ಲ. ಚಾಪೆಯನ್ನು ನಂಬಿ ಬಿಟ್ಟು ಹೋಗುವ ಧೈರ್ಯ ಹೋಗಿತ್ತು. ಸಂಜೆಯ ತನಕ ಅಲ್ಲೇ ಕಾಯುತ್ತ ಕೂತಳು.

ಖಾಲಿ ಥೇಟರು. ಪರದೆಯ ಆಚೆ ಕಂಪನಿಯವರು ಉಂಡು ಮಲಗಿದ್ದರು. ಬಾಗಿಲ ತಟ್ಟು ಸರಿಸಿ ಕಾಶವ್ವ ಒಳಗೆ ಬಂದಳು. ಕೈಯಲ್ಲಿ ಚಾಪೆಯಾಗಲಿ ಜಮಖಾನವಾಗಲಿ ಇರಲಿಲ್ಲ. ನನ್ನ ತನಕ ಬಂದು ಚಪ್ಪಲಿ ಬಿಟ್ಟಳು. ಕೂರಲಿಲ್ಲ. ರಂಗದ ಹಲಗೆಗೆ ಬೆನ್ನು ತಾಗಿಸಿ ನಿಂಬೆವ್ವನ ಎದುರಿಗೆ ನಿಂತಳು. ಸುತ್ತಲೂ ನೋಡಿದಳು. ಬಸ್ ನಿಲ್ದಾಣದ ಹಿಂದಿನ ಈ ಬಯಲಿನಲ್ಲಿ, ಈ ಹೊತ್ತಿನಲ್ಲಿ, ಕೇಳುವವರು ಯಾರೂ ಇರಲಿಲ್ಲ.

"ಯಕ್ಕಾ!" ಎಂದು ಕೂಗಿದಳು. "ಕೇಳಸ್ತೈತೇನು?"

ನಿಂಬೆವ್ವನ ಮೈ ಬಿಗಿಯಿತು. "ಇನ್ನೊಂಚೂರು ದೊಡ್ಡದು" ಅಂದಳು.

"ಆಗಿನ್ನೂ ನಾ ಗಿರಣಿಗೆ ಹೊಸಬಾಕಿ!" ಕಾಶವ್ವ ಹೊಟ್ಟೆಯಿಂದ ದನಿ ತೆಗೆದಳು. ಕುತ್ತಿಗೆಯ ನರ ಉಬ್ಬಿದವು. "ಕೂಸಿಗೆ ಎಂಟು ತಿಂಗಳು! ಮೈ ಕೆಂಡ ಆಗಿತ್ತು! ಒಂದ ದಿನ ತಪ್ಪಿಸಿದ್ರ ಸುಗ್ಗಿ ಮುಗಿಯೋ ತನಕ ಕೆಲಸ ಇಲ್ಲ ಅಂದಿದ್ದ ಮೇಸ್ತ್ರಿ! ಅತ್ತಿ ಉಡ್ಯಾಗ ಹಾಕಿ ಹ್ವಾದೆ! ಮಧ್ಯಾಹ್ನ ಎದಿಹಾಲು ತಾನ ಸೋರಿ ಕುಪ್ಪಸ ತೊಯ್ತು! ಕೂಸು ಅಳಾಕತ್ತೈತಿ ಅಂದ್ಕೊಂಡೆ! ಬಿಡಂಗಿಲ್ಲ ಅಂದ್ರು! ಸಂಜಿಗೆ ಓಡಿ ಬಂದೆ! ಬಂದು ನೋಡಿದ್ರ..."

ಪರದೆಯ ಆಚೆ ಯಾರೋ ಎದ್ದು ಕೂತ ಸದ್ದಾಯಿತು. ಹಾಗೆಯೇ ಅದೂ ಸುಮ್ಮನಾಯಿತು. ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು, ತೆಗೆದು, ಕಡೆಯ ಮಾತನ್ನೂ ಕೂಗಿದಳು:

"ನಂದ ತಪ್ಪೇನು?"

ಈ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಮುಂದೆ ಬರುವುದೇನು ಎಂದೂ ನನಗೆ ಗೊತ್ತಿತ್ತು. ಆದರೆ ನಿಂಬೆವ್ವ ಈ ಸಲ "ಹ್ಞೂಂ" ಅನ್ನಲಿಲ್ಲ. ಕಾಶವ್ವನ ಕಡೆಗೆ ಮುಖ ಎತ್ತಿದಳು. ಆಮೇಲೆ ಕೇಳಿದಳು:

"ಕೂಸಿಗೆ ಹೆಸರೇನಿಟ್ಟಿದ್ರಿ?"

ಅಷ್ಟು ವರ್ಷಗಳಲ್ಲಿ ನನ್ನ ಮೇಲೆ ಕೂತು ಕಾಶವ್ವ ಆ ಹೆಸರನ್ನು ಒಮ್ಮೆಯೂ ಆಡಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಅವಳು ಈಗ ಮೆಲ್ಲಗೆ ಏನೋ ಅಂದಳು. ನಿಂಬೆವ್ವ ಕಿವಿಗೆ ಕೈ ಒಡ್ಡಿದಳು.

"ಸಂಗನಬಸು!" ಎಂದು ಕಾಶವ್ವ ಕೂಗಿದಳು. ಆಡಲು ಹೋದ ಮಗನನ್ನು ದೀಪ ಹಚ್ಚುವ ಹೊತ್ತಿಗೆ ಮನೆಗೆ ಕರೆಯುತ್ತಾರಲ್ಲ, ಹಾಗೆ. "ಸಂಗನಬಸೂ!"

"ಸಂಗನಬಸು" ಎಂದು ನಿಂಬೆವ್ವ ಅಂದಳು. ಅಂದು, ತಾನು ಕೂತಿದ್ದಲ್ಲಿಂದ ಸರಿದು, ನನ್ನ ಅರ್ಧ ಖಾಲಿ ಮಾಡಿದಳು.

ಅದೇ ನಾನು ರಂಗದ ಹತ್ತಿರ ಹೋದ ಕಡೆಯ ವರ್ಷ. ಮುಂದೆ ಕಂಪನಿಗೆ ಮೈಕು ಬಂತು, ನೆಲದ ಜಾಗಕ್ಕೆಲ್ಲ ಕುರ್ಚಿ ಬಂದವು. ಚಾಪೆ ಹಾಸುವ ಕೆಲಸ ಮುಗಿಯಿತು. ನಿಂಬೆವ್ವ ಒಂದು ಚಳಿಗಾಲ ಮಲಗಿದವಳು ಏಳಲಿಲ್ಲ. ಅವಳ ಮನೆಯಿಂದ ಕಾಶವ್ವ ತಂದುಕೊಂಡದ್ದು ನನ್ನೊಂದನ್ನೇ.

ಈಗ ನಾನು ಕಾಶವ್ವನ ಮನೆಯ ಮೂಲೆಯಲ್ಲಿ, ಒರಳಿನ ಹಿಂದೆ ಇದ್ದೇನೆ. ಗರಿ ಉದುರುತ್ತಿದೆ, ಮುಟ್ಟಿದರೆ ಪುಡಿಯಾಗುತ್ತೇನೆ. ಸಾವಂತ್ರಿ ಬಂದಾಗಲೆಲ್ಲ, "ಇದನ್ಯಾಕ ಇಟ್ಟೀಯವ್ವಾ, ಒಲಿಗಿಡು. ಪ್ಲಾಸ್ಟಿಕಿಂದು ತಂದೀನಲ್ಲ" ಅನ್ನುತ್ತಾಳೆ. ಕಾಶವ್ವ ನನ್ನನ್ನು ಒರಳಿನ ಹಿಂದೆ ಇನ್ನಷ್ಟು ಒಳಕ್ಕೆ ಸರಿಸುತ್ತಾಳೆ. ಮಗಳು ಹೋದ ಮೇಲೆ ಒಮ್ಮೊಮ್ಮೆ ನನ್ನನ್ನು ಬಿಚ್ಚಿ ಹೊಸ್ತಿಲ ಹತ್ತಿರ ಹಾಸಿ ಕೂರುತ್ತಾಳೆ. ಈಗ ಅವಳು ತೂಗುವುದಿಲ್ಲ, ಎಳೆ ಕೀಳುವುದಿಲ್ಲ. ಬೀದಿಯಲ್ಲಿ ಹೊತ್ತು ಇಳಿಯುವಾಗ ಎರಡು ಹೆಸರು ಕರೆಯುತ್ತಾಳೆ. ಮೊದಲು ಮಗನದು, ಆಮೇಲೆ ನಿಂಬಕ್ಕನದು. ಮುದುಕಿಯ ದನಿ, ಹೊಸ್ತಿಲು ಕೂಡ ದಾಟುವುದಿಲ್ಲ. ಅಷ್ಟು ಮೆಲ್ಲಗೆ ಕರೆದರೆ ತೀರಾ ಹತ್ತಿರ ಇದ್ದವರಿಗೆ ಮಾತ್ರ ಕೇಳಿಸುತ್ತದೆ.

ಹತ್ತಿರ ಇರುವುದು ನಾನೊಂದೇ.